ಕಿವಿ ಮಷಿನ್ನಿನ ತಂತಿ

ಲಕ್ಷ್ಮೇಶ್ವರ
೧೩ ನವೆಂಬರ್ ೨೦೨೪, ಬುಧವಾರ

ನನ್ನ ಬಂಗಾರ ಶಾಂಭವಿ,

ಹೇಗಿದ್ದೀ? ಧಾರವಾಡದ ಚಳಿಗೆ ತಲೆಗೆ ಸ್ಕಾರ್ಫ್ ಕಟ್ಟಿಕೋ. ನರ್ಸಿಂಗ್ ಕೊನೆಯ ವರ್ಷ ಎಂದು ಊಟ ಬಿಡಬೇಡ. ನಾನು ಗಟ್ಟಿಯಾಗಿದ್ದೇನೆ. ಇದನ್ನು ಎರಡು ಸಲ ಓದು. ಫೋನಿನ ಮಾತು ನನಗೆ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಸರೆಗೆ ಮುಂಚೆ ನನ್ನ ಕಿವಿ ಮಷಿನ್ನು ನಿಂತಿತ್ತಲ್ಲ? ನಿಮ್ಮಪ್ಪ ಅಂದಪ್ಪ ಗದಗಿಗೆ ಒಯ್ದು ಬಂದು, "ರಿಪೇರಿ ಆಗಂಗಿಲ್ಲಂತ, ಬಿಡವ್ವಾ" ಎಂದಿದ್ದ. ನಂಬಿದೆ. ನಿನ್ನೆ ಹಾಸಿಗೆ ಕೊಡವುವಾಗ ಅದು ಅವನ ಗಾದಿಯ ಕೆಳಗೆ ಸಿಕ್ಕಿತು. ನನ್ನ ಮಗನೇ ನನ್ನ ಕಿವಿ ಬಚ್ಚಿಟ್ಟಿದ್ದ! ಸೆರಗಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ತಸ್ಲೀಮಳ ಅಂಗಡಿಗೆ ಹೋದೆ. ಮಷಿನ್ನಿನ ಡಬ್ಬಿಯಿಂದ ಕಿವಿಗೆ ಬರುವ ವೈರು ಪಿನ್ನಿನ ಬುಡದಲ್ಲಿ ಹರಿದಿತ್ತು, ಅಷ್ಟೇ. ಒಳಗೆ ಕೂದಲಿಗಿಂತ ಸಣ್ಣ ತಾಮ್ರದ ಎಳೆಗಳು. ಉಸಿರು ಬಿಟ್ಟರೆ ಹಾರುತ್ತಿದ್ದವು. "ಎಳಿ ಮ್ಯಾಲೆ ಬಣ್ಣ ಐತ್ರಿ ಆಯಿ. ಅದನ್ನ ಸುಟ್ಟ ತಗೀದಿದ್ರ ಬೆಸುಗಿ ಹಿಡಿಯಂಗಿಲ್ಲ" ಎಂದು ಕೂಗಿ ಹೇಳಿದಳು. ಬೆಸುಗೆ ಕಡ್ಡಿಯ ಕಾದ ಮೊನೆ ತಾಗಿದಾಗ ಸಣ್ಣ ಹೊಗೆ ಎದ್ದಿತು. ಒಂದು ಎಳೆ ಮುರಿಯಿತು, ಪಾಪ, ಮತ್ತೆ ಮೊದಲಿನಿಂದ ಹಚ್ಚಿದಳು. ಕಿವಿಗೆ ಹಾಕಿಕೊಂಡೆ ನೋಡು, ಹೊರಗೆ ಕಂಡಕ್ಟರು "ಶಿರಹಟ್ಟಿ, ಶಿರಹಟ್ಟಿ" ಎಂದು ಒದರುವುದು ಕೇಳಿಸಿತು! ಅಂಗಡಿಯಲ್ಲೇ ಕಣ್ಣೀರು ಬಂತು.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಸೆರಗು ಹೊದ್ದು ಊಟಕ್ಕೆ ಕೂತೆ. ನಿಮ್ಮವ್ವ ನನಗೆ ರೊಟ್ಟಿ ನೀಡುತ್ತಲೇ ನಿಮ್ಮಪ್ಪನಿಗೆ ಹೇಳಿದಳು: "ಮುಂಡರಗಿಯವ್ರು ಹೆಣ್ಣ ನೋಡಾಕ ಐತವಾರ ಬರ್ತಾರ. ಆಯಿಗೆ ಭಾಳ ಸೀರಿಯಸ್ ಐತಿ ಅಂತ ಶಾಂಭವಿಗೆ ಫೋನ್ ಮಾಡ್ರಿ, ಓಡಿ ಬರ್ತಾಳ. ಬಂದ ಮ್ಯಾಲೆ ಸೀರಿ ಉಡಿಸಿ ಕುಂಡ್ರಸೂಣು." ನಿನ್ನ ಲಗ್ನದ ಮಾತು, ನಿನಗೇ ಖಬರಿಲ್ಲ! ಪರೀಕ್ಷೆ ಮುಗಿಯುವವರೆಗೆ ಬೇಡ ಎಂದು ನೀನು ಅತ್ತು ಹೇಳಿದ್ದು ಇವರಿಗೆ ನೆನಪಿಲ್ಲವೇ? ನಿಮ್ಮಪ್ಪ, "ಅವ್ವನ ಮುಂದ ಬ್ಯಾಡ" ಎಂದ. "ಆಕಿಗೇನ ಕೇಳ್ತೈತಿ!" ಎಂದಳು ಇವಳು.

ತಾಟು ಸರಿಸಿ ಎದ್ದೆ. "ಅಂದಪ್ಪಾ, ಜೀವಂತ ಇರೂ ಅವ್ವನ್ನ ಸಾಯಾಕ ಹಚ್ಚಿ ಮಗಳನ್ನ ಕರಸ್ತಿ ಏನಲೇ?" ಎಂದೆ. ಅವನು ತಪ್ಪಾಯಿತು ಅನ್ನಲಿಲ್ಲ ಮಗಳೇ. "ಮಷಿನ್ನು ಯಾರ ರಿಪೇರಿ ಮಾಡಿದ್ರು?" ಎಂದು ಕೇಳಿದ! ಆಮೇಲೆ, "ವಯಸ್ಸಾದವರು ಸುಮ್ಮ ಕುಂಡ್ರಬೇಕವ್ವಾ" ಎಂದು ಬುದ್ಧಿ ಬೇರೆ ಹೇಳಿದ. ರಾತ್ರಿಯೆಲ್ಲ ಮೈ ಉರಿಯಿತು. ಇವನಿಗೆ ಮಾತು ಕಲಿಸಿದವಳು ನಾನು.

ನಿನ್ನ ಕೈಗುಣದಿಂದ ನೂರು ಜನ ಎದ್ದು ಓಡಾಡಲಿ. ನಿನ್ನ ಗೆಳತಿಯರಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಆಯಿ,
ಸುಮಿತ್ರವ್ವ

ತಾ.ಕ.: ನಿಮ್ಮಪ್ಪ ಅಂಗಳದಲ್ಲಿ ನಿಂತು ನಿನಗೆ ಫೋನ್ ಹಚ್ಚುತ್ತಿದ್ದಾನೆ. ನೀನು ಎತ್ತುತ್ತಿಲ್ಲ, ವಾರ್ಡಿನಲ್ಲಿರಬೇಕು. "ಎದಿನೋವು ಅಂತ ಹೇಳ್ತೀನಿ" ಎಂದು ನಿಮ್ಮವ್ವನಿಗೆ ಅನ್ನುವುದು ಇಲ್ಲಿಗೇ ಕೇಳುತ್ತಿದೆ. ಹೊರಡಬೇಡ! ಈ ಹಾಳೆಯ ಫೋಟೋ ತೆಗೆಸಿ ನಿನ್ನ ವಾಟ್ಸಾಪಿಗೆ ಹಾಕಿಸಲು ಹಿತ್ತಲ ಬಾಗಿಲಿನಿಂದ ತಸ್ಲೀಮಳ ಅಂಗಡಿಗೆ ಓಡುತ್ತಿದ್ದೇನೆ. ನೀನು ನರ್ಸು, ನೀನೇ ಹೇಳು, ಎದೆನೋವು ಬಂದ ಮುದುಕಿ ಹೀಗೆ ಓಡುತ್ತಾಳೇನು?