ಫುಜಿ ಬಳ್ಳಿ ಹೂಬಿಟ್ಟ ವರ್ಷ

ಅಸಾಹಿಕಾವಾ, ಜೂನ್ ೬

ಅಕ್ಕಾ,

ತವರಿನಿಂದ ತಂದು ನೆಟ್ಟ ಫುಜಿ ಬಳ್ಳಿ ಹನ್ನೊಂದು ವರ್ಷದ ಮೇಲೆ ಕೊನೆಗೂ ಹೂಬಿಟ್ಟಿದೆ. ನೇರಳೆ ಗೊಂಚಲುಗಳು ಚಪ್ಪರದಿಂದ ನನ್ನ ತಲೆಗೆ ತಾಕುವಷ್ಟು ಇಳಿಬಿದ್ದಿವೆ. ಪ್ರತಿವರ್ಷ ಹಿಮ ಬೀಳುವ ಮುಂಚೆ ಬುಡಕ್ಕೆ ಹುಲ್ಲುಚಾಪೆ ಸುತ್ತುತ್ತಿದ್ದೆ. ಹೂ ಬರಲೆಂದು ನೀನು ಕಳಿಸಿದ ಅಕ್ಕಿಹೆಂಡವನ್ನೆಲ್ಲ ಬೇರಿಗೇ ಸುರಿದೆ. ತಪ್ಪು ಚಳಿಯದಾಗಿರಲಿಲ್ಲ.

ಹೋದ ವರ್ಷ ಎಲೆ ಉದುರುವ ಮೊದಲೇ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡರಲ್ಲ, ಇವತ್ತು ಹಾಸಿಗೆಯಿಂದಲೇ ಹೂ ನೋಡಿ ಹೇಳಿದರು: "ನಾನು ಮಲಗಿದ್ದೇ ತಡ, ಅರಳಿಬಿಡ್ತಲ್ಲ! ಪ್ರತಿವರ್ಷ ಎಲೆ ಉದುರಿದ ಮೇಲೆ ದಪ್ಪ ಮೊಗ್ಗನ್ನೆಲ್ಲ ಒಂದೂ ಬಿಡದೆ ಚಿವುಟ್ತಿದ್ದೆ ಕಣೇ. ಜೋತುಬೀಳೋ ಹೂ ಅಂಗಳದಲ್ಲಿದ್ರೆ ಮನೆತನವೂ ಜೋತುಬೀಳುತ್ತೆ ಅಂತ ನಿಮ್ಮೂರಲ್ಲಿ ಯಾರೂ ಹೇಳ್ಕೊಡ್ಲಿಲ್ವಾ?"

"ಇಷ್ಟು ವರ್ಷ ನೋಡ್ಕೊಂಡು ಸುಮ್ನಿದ್ರಾ?" ಅಂದೆ.

"ನೀನು ಹೆಂಡ ಸುರಿಯೋದು ನೋಡಿ ನಗು ಬರ್ತಿತ್ತು."

ಚಳಿಗೆ ಒಡೆದಿದ್ದ ನನ್ನ ಬೆರಳುಗಳು ವಾಸಿಯಾಗಿವೆ. ಇನ್ನು ಹೆಂಡ ಕಳಿಸಬೇಡ. ಕಾರ್ಡಿನಲ್ಲಿ ಜಾಗವಿಲ್ಲ, ಅತ್ತೆ ಬೇರೆ ಕೂಗುತ್ತಿದ್ದಾರೆ, ಕಿಟಕಿಗೆ ಪರದೆ ಎಳೆಯಬೇಕಂತೆ. ಪರದೆಯನ್ನು ಆಗಲೇ ಬಿಚ್ಚಿ ನೆನೆಹಾಕಿದ್ದೇನೆ. ಹೂ ಉದುರುವವರೆಗೂ ಅದು ಒಣಗುವುದಿಲ್ಲ.

ನಿನ್ನ ತಂಗಿ,
ಚಿಜುರು