ಕರ್ಚೀಫು ಹಾಕದ ಸೀಟು

ಜನವರಿ 8

ಬೆಳಗಿನ ಬಸ್ಸು ಇವತ್ತೂ ಲೇಟು. ಹಳದೀಪುರದಲ್ಲಿ ಹತ್ತಿದರೆ ಕಾಲಿಡಲೂ ಜಾಗ ಇಲ್ಲ. ಆದರೂ ನನ್ನ ಸೀಟು ಇತ್ತು, ಕಿಟಕಿ ಪಕ್ಕ. ಮಹಾಲಕ್ಷ್ಮೀ ಕುಮಟಾ ಸ್ಟ್ಯಾಂಡಿನಲ್ಲೇ ಕರ್ಚೀಫು ಎಸೆದು ಹಿಡಿದಿಟ್ಟಿದ್ದಳು. ಒಬ್ಬ ಜಗಳಕ್ಕೇ ಬಂದನಂತೆ, "ಸೀಟಿನ ಮೇಲೆ ಹೆಸರು ಬರ್ದದ್ಯಾ?" ಅಂತ. ಇವಳು ಬಿಡುತ್ತಾಳಾ! ಹೊನ್ನಾವರದ ಶಾಲೆಗೆ ಇಬ್ಬರೂ ಟೀಚರಾಗಿ ಸೇರಿದಾಗಿನಿಂದ ಇದೇ ಕಥೆ. ಕಿಟಕಿ ಸಿಗದಿದ್ದರೆ ನನಗೆ ಹೊಟ್ಟೆ ತೊಳಸುತ್ತದೆ, ಅವಳಿಗೆ ಗೊತ್ತು.

ಮೇ ರಜೆಗೆ ಯುರೋಪು. ಇಬ್ಬರೇ, ರೈಲಿನಲ್ಲೇ. ಎಷ್ಟು ವರ್ಷದ ಮಾತು ಇದು...

ಜನವರಿ 19, ಭಾನುವಾರ

ರೈಲು ಪಾಸ್ ತಗೊಂಡೆವು, ಇಬ್ಬರಿಗೂ. ಆಮೇಲೆ ಸಣ್ಣಕ್ಷರ ಓದಿದೆ. ಕರ್ಮ! ಪಾಸಿದ್ದರೂ ಕೆಲವು ರೈಲಿಗೆ ಸೀಟು ಬೇರೆ ರಿಸರ್ವ್ ಮಾಡಬೇಕಂತೆ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಬೇಕು. ಆಲ್ಪ್ಸ್ ಹತ್ತುವ, ದೊಡ್ಡ ಕಿಟಕಿಯ ಆ ಕೆಂಪು ರೈಲಿಗೂ ಬೇಕು. ಫೋನ್ ಮಾಡಿ ಹೇಳಿದರೆ ಮಹಾಲಕ್ಷ್ಮೀ ನಕ್ಕಳು.

"ಅಂದ್ರೆ ಪಾಸಿದ್ರೂ ಕರ್ಚೀಫು ಹಾಕ್ಬೇಕು ಅನ್ನು. ನಾ ಇದ್ದೇನಲ್ಲೇ, ಬಿಡು."

ಫೆಬ್ರವರಿ 3

ಹೊನ್ನಾವರದಲ್ಲಿ ಬಸ್ಸಿಳಿದ ಮೇಲೆ ಮಹಾಲಕ್ಷ್ಮೀ ಹೇಳಿದಳು. ಮಗಳು ಅರ್ಚಿತಾಗೆ ಡಾಕ್ಟರು ಪೂರ್ತಿ ಬೆಡ್ ರೆಸ್ಟ್ ಹೇಳಿದ್ದಾರೆ. ಹೆರಿಗೆ ಜೂನ್ ಕೊನೆಗೆ, ಅಷ್ಟರಲ್ಲಿ ತಿರುಗಿ ಬರುವಾ ಎಂದಿದ್ದೆವು. ಈಗ ಆಗುವುದಿಲ್ಲ.

"ನಾ ಬರೂಕಾಗೂದಿಲ್ಲ ಪ್ರಿಯಾ. ನೀ ಹೋಗಿ ಬಾ."

"ಒಬ್ಳೇ ಎಂತಕ್ಕೆ? ಮುಂದಿನ ವರ್ಷ ಹೋಗುವಾ" ಅಂದೆ. ದೊಡ್ಡ ಮನಸ್ಸಿನವಳ ಹಾಗೆ.

ನನ್ನ ಮುಖವನ್ನೇ ನೋಡಿದಳು. "ಹೆದ್ರಿಕೆ ನಿಂದು. ನನ್ನ ಮಗಳ ತಲೆ ಮೇಲೆ ಹಾಕ್ಬೇಡ."

ಸಿಟ್ಟು ನೆತ್ತಿಗೇರಿತು. ಸ್ಟಾಫ್ ರೂಮಿನಲ್ಲಿ ಬೇರೆ ಮೇಜಿಗೆ ಹೋಗಿ ಕೂತೆ.

ಫೆಬ್ರವರಿ 4

ಅವಳು ಹೇಳಿದ್ದು ನಿಜ. ಅದಕ್ಕೇ ಅಷ್ಟು ಸಿಟ್ಟು. ಒಬ್ಬಳೇ ಗೋಕರ್ಣಕ್ಕೂ ಹೋದವಳಲ್ಲ ನಾನು. ಮೊದಲು ಅಮ್ಮ, ಆಮೇಲೆ ಅಣ್ಣ, ಆಮೇಲೆ ಇವಳು... ಐವತ್ತು ದಾಟಿತು. ಈ ಸಲ ಬಿಟ್ಟರೆ ನಾನು ಮತ್ತೆ ಹೋಗುವವಳಲ್ಲ, ಅದೂ ಗೊತ್ತು.

ಫೆಬ್ರವರಿ 24

ಮಹಾಲಕ್ಷ್ಮೀ ರಜೆ. ಡಾಕ್ಟರು ಒಪ್ಪಿದ ಮೇಲೆ ಮಗಳನ್ನು ಕಾರಿನಲ್ಲಿ ಮಲಗಿಸಿ ಕರೆತರಲು ಧಾರವಾಡಕ್ಕೆ ಹೋಗಿದ್ದಾಳೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತೆ. ಕರ್ಕಿಯಲ್ಲಿ ಒಂದು ಸೀಟು ಖಾಲಿಯಾಯಿತು, ನನ್ನೆದುರಿಗೇ. "ಕೂತ್ಕೊಳ್ಲಾ?" ಅನ್ನುವಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತೇಬಿಟ್ಟಳು.

ಯಾರನ್ನು ಕೇಳುತ್ತಿದ್ದೆ ನಾನು?

ಮಾರ್ಚ್ 9, ಸಂಜೆ

ಕುಮಟಾಕ್ಕೆ ಹೋಗಿ ಅರ್ಚಿತಾನ ನೋಡಿ ಬಂದೆ. ಪಾಪ, ಎಡಮಗ್ಗುಲಿಗೇ ಮಲಗಿರಬೇಕಂತೆ. ಒಬ್ಬಳೇ ಹೋಗುವುದೆಂದು ಮನಸ್ಸು ಮಾಡಿ ಲ್ಯಾಪ್‌ಟಾಪ್ ಒಯ್ದಿದ್ದೆ. ಅಡುಗೆಮನೆಯಲ್ಲಿ ಮಹಾಲಕ್ಷ್ಮೀ ಮುಂದೆ ಇಟ್ಟೆ.

"ಸೀಟು ನೀನೇ ತೆಗೆದುಕೊಡೇ. ನಿನ್ನ ಕೈಗುಣ ಒಳ್ಳೇದು."

ಗಂಜಿ ತಿರುವುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ಆ ರೈಲು ಕುಮಟಾದಿಂದ ಹೊರಡೂದಿಲ್ಲ ಮಾರಾಯ್ತಿ."

ಎಷ್ಟು ಕಲ್ಲು ಮನಸ್ಸು! ಚಹಾ ಕುಡಿಯದೆ ಎದ್ದು ಬಂದೆ.

ಮಾರ್ಚ್ 10, ಸಂಜೆ

ಶಾಲೆಯಿಂದ ಬಂದವಳೇ ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲು ಕೆಂಪು ರೈಲು. ಎಷ್ಟು ಜನ ಅಂತ ಕೇಳಿತು. ಹಿಂದೆ ನೋಡಿಟ್ಟಾಗ ತುಂಬಿದ್ದ ಎರಡು ಹಾಗೇ ಇತ್ತು. ಒಂದು ಮಾಡಿದೆ. ಅಳು ಬಂತು, ಸುಳ್ಳೇಕೆ. ಸೀಟುಗಳ ಚಿತ್ರ ಬಂತು. ಕಿಟಕಿ ಎರಡೇ ಉಳಿದಿದ್ದವು. ಧೈರ್ಯಕ್ಕೆಂದು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಒಂದು ಹೋಗಿತ್ತು. ಥೂ!

ಈ ಸಲ ಯಾರನ್ನೂ ಕೇಳಲಿಲ್ಲ. ಒತ್ತಿದೆ. ದುಡ್ಡು ಕಟ್ಟಿದೆ. ಸಿಕ್ಕಿತು! ಜ್ಯೂರಿಕ್ ರೈಲಿನದೂ ಅದೇ ಉಸಿರಿಗೆ ಮಾಡಿ ಮುಗಿಸಿದೆ.

ಆಮೇಲೆ ಅವಳಿಗೆ ಫೋನು.

"ಹಿಡಿದೆ" ಅಂದೆ.

"ಕಿಟಕಿಯಾ?"

"ಕಿಟಕಿ."

"ಆತು. ಭೇಷ್!" ಅಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಪ್ರಿಯಾ... ಪಕ್ಕದ ಸೀಟು ಯಾರದ್ದೇ?"

ಖಾಲಿ ಇತ್ತು. ನಾನು ನೋಡಿದ್ದೆ. "ಖಾಲಿ. ಕರ್ಚೀಫು ಹಾಕ್ಲಿಲ್ಲ, ಯಾರಾದ್ರೂ ಕೂತ್ಕೊಳ್ಲಿ" ಅಂದೆ.