ಸಂದರ್ಶನಕ್ಕೆ ಕಲಿಸಿದ ಕಣ್ಣೀರು

ಚಾಮರಾಜಪೇಟೆ, ಬೆಂಗಳೂರು
೧೦ ಆಗಸ್ಟ್ ೨೦೨೫

ಪ್ರೀತಿಯ ಮಗ ಮನೋಹರನಿಗೆ,

ಬೀದರಿನ ಆ ಬಾಡಿಗೆ ಕೋಣೆಯಲ್ಲಿ ನೆರೆದಿರುವ ಮಹಾಜನಗಳೇ! ಒಂಟಿ ಮಂಚವೇ, ಕಿರುಗುಟ್ಟುವ ಫ್ಯಾನೇ, ಮೊಳೆಗೆ ನೇತುಬಿದ್ದ ಅಂಗಿಗಳೇ! ಎಲ್ಲರೂ ಸದ್ದಿಲ್ಲದೆ ಕುಳಿತು ಕೇಳಬೇಕು. ನನ್ನ ಮಗ ಈ ಕಾಗದವನ್ನು ಅರ್ಧಕ್ಕೇ ಮಡಚಲು ಹೋದರೆ ಅವನ ಕೈ ಹಿಡಿಯಬೇಕು! ನಗಬೇಡವೋ ಮನು. ಎದುರಿಗೆ ಯಾರೂ ಇಲ್ಲದಿದ್ದರೂ ಸಭೆ ತುಂಬಿದೆ ಅಂದುಕೊಂಡೇ ಬಾಯಿ ತೆರೆಯಬೇಕು ಎಂದು ನಾಟಕದ ಮೇಷ್ಟ್ರಾಗಿದ್ದ ನಮ್ಮಪ್ಪ ನನಗೆ ಕಲಿಸಿದ್ದು. ಈ ವಯಸ್ಸಿನಲ್ಲಿ ಬೇರೆ ರೀತಿ ಮಾತಾಡಲು ನನಗೆ ಬರುವುದಿಲ್ಲ.

ಆರೋಗ್ಯವಾಗಿದ್ದೀಯ ತಾನೇ? ಬಿಪಿ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೀಯಾ, ಅಲ್ಲಿಯ ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತಾ ಎಂದು ನಿಮ್ಮಮ್ಮ ಲಕ್ಷ್ಮೀದೇವಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳುತ್ತಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ನನ್ನ ಗಂಟಲು ಗಟ್ಟಿಯಾಗಿದೆ, ಉಳಿದದ್ದೆಲ್ಲ ಸಡಿಲವಾಗಿದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯೇನೋ. ಮಾಡಿದರೆ, ನಮ್ಮ ಸೊಸೆ ವಾಣಿಯ ಹೆಸರು ನನ್ನ ಬಾಯಿಂದ ಬಂದ ಕೂಡಲೇ "ಅಪ್ಪಾ, ಮ್ಯಾನೇಜರ್ ಕರೀತಿದಾರೆ, ಇಡ್ತೀನಿ" ಅನ್ನುತ್ತೀಯ. ಭಾನುವಾರವೂ ಕರೆಯುವ ಮ್ಯಾನೇಜರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಬ್ಯಾಂಕಿನ ಚಲುವರಾಜು ಹಬ್ಬಕ್ಕೆಂದು ಊರಿಗೆ ಬಂದಿದ್ದವನು ಇವತ್ತು ಸಂಜೆಯ ಬಸ್ಸಿಗೆ ವಾಪಸು ಹೊರಟಿದ್ದಾನೆ. ಬೆಳಗ್ಗೆ ಬಸ್ಸಿಳಿದವನೇ ನಿನ್ನ ಕೈಗೆ ಕೊಡುತ್ತಾನೆ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಯಶು, ನಿನ್ನ ಮಗಳು ಯಶಶ್ರೀ, ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದದ್ದು ನಿನಗೆ ಗೊತ್ತಿದೆ. ಪುಣೆಯಲ್ಲಿರುವ ಸೈನ್ಯದ ಮೆಡಿಕಲ್ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿದೆ. ಅದು ಮುಂದಿನ ವಾರವೇ. ಅಂಕ ಎಷ್ಟೇ ಇರಲಿ, ಅಲ್ಲಿ ಎದುರು ಕೂರಿಸಿಕೊಂಡು ಕೇಳುತ್ತಾರಂತೆ: ನೀನು ಡಾಕ್ಟರ್ ಏಕೆ ಆಗಬೇಕು? ಎದುರಿಗೆ ಕೂತವರನ್ನು ಮಾತಿನಿಂದ ಗೆಲ್ಲಬೇಕು ಅಂದಮೇಲೆ ಈ ಮನೆಯಲ್ಲಿ ಪುಟ್ಟಯ್ಯ ಸುಮ್ಮನೆ ಕೂರುವುದುಂಟೇ? ನಡುಮನೆಯಲ್ಲೇ ಸಂದರ್ಶನ ಮಂಡಳಿಯನ್ನು ಸ್ಥಾಪಿಸಿದೆ. ಅಧ್ಯಕ್ಷತೆ ನನ್ನದು. ಪಕ್ಕದ ಮನೆಯ ಶೈಲಜಮ್ಮ, ನಿವೃತ್ತ ಬಯಾಲಜಿ ಲೆಕ್ಚರರು, ವಿಷಯ ತಜ್ಞೆ. ನಿಮ್ಮಮ್ಮ ಮೂರನೆಯ ಸದಸ್ಯೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಸ್ಟೆಲಲ್ಲಿ ಮುದ್ದೆ ಹಾಕ್ತಾರೇನೇ?" ಯಶು ನಕ್ಕಳು. ವಾಣಿ ಹೋದಮೇಲೆ ಆ ಹುಡುಗಿ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗು ಕಂಡು ನನಗೆ ಉತ್ಸಾಹ ಹೆಚ್ಚಿತು. ಅಲ್ಲೇ ಕೆಟ್ಟದ್ದು.

ಏಕೆ ಡಾಕ್ಟರ್ ಆಗಬೇಕು ಎಂದು ನಾನು ಗುಡುಗಿದೆ. ಅವಳು ಕಾಲ್ಬೆರಳನ್ನೇ ನೋಡುತ್ತಾ, "ಅಮ್ಮ ಡೆಂಗ್ಯೂ ಬಂದು ಹೋಗ್ಬಿಟ್ರು. ಅದಕ್ಕೆ" ಎಂದಳು. ಅಷ್ಟೇ. ಶೈಲಜಮ್ಮ, "ಸಾಕು ಕಣಮ್ಮಾ, ನಿಜ ತಾನೇ, ಇದನ್ನೇ ಹೇಳು" ಎಂದರು. ನನಗೆ ಸಾಕಾಗಲಿಲ್ಲ. ಇದು ಹಿಂದಿನ ಸಾಲಿಗೆ ಕೇಳುವ ಉತ್ತರವೇ? ಇದಕ್ಕೆ ಯಾರ ಎದೆ ಕರಗುತ್ತದೆ? ಮೊದಲು ಕನ್ನಡದಲ್ಲಿ ದೃಶ್ಯ ಕಟ್ಟೋಣ, ಆಮೇಲೆ ಶೈಲಜಮ್ಮ ಇಂಗ್ಲಿಷಿಗೆ ತಿರುಗಿಸಿಕೊಡಲಿ ಎಂದು ತೀರ್ಪು ಕೊಟ್ಟೆ. ಆಸ್ಪತ್ರೆ, ಐಸಿಯು, ಕೊನೆಯ ದಿನ. ಯಶುವನ್ನು ಆ ದಿನ ಮೇಲಕ್ಕೆ ಬಿಟ್ಟಿರಲಿಲ್ಲ, ಕೆಳಗೆ ನನ್ನ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಹೋದವನು ನೀನೊಬ್ಬನೇ. ಒಳಗೆ ಏನು ನಡೆಯಿತೆಂದು ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ನಾನು ಮಾತು ಹಾಕಿದೆ. ಸಾಯುವಾಗ ವಾಣಿ ನಿನ್ನ ಕೈ ಹಿಡಿದು, "ನನ್ನ ಮಗಳು ಡಾಕ್ಟರ್ ಆಗಲಿ, ಇನ್ನೊಂದು ಮನೆಯ ದೀಪ ಆರದಿರಲಿ" ಅಂದಳು ಎಂದು ಬರೆದುಕೊಟ್ಟೆ.

ಬರೆದುಕೊಟ್ಟು ಸುಮ್ಮನಾದೆನೇ? ಚಿಕ್ಕವನಿದ್ದಾಗ ಅಪ್ಪನ ನಾಟಕಗಳಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದವನು ನಾನು. ನಾನು ಅತ್ತರೆ ಹೆಂಗಸರು ಸೆರಗು ಕಚ್ಚಿಕೊಂಡು ಅಳುತ್ತಿದ್ದರು. ದಿವಾನದ ಮೇಲೆ ಮಲಗಿ, ಕಂಬಳಿ ಹೊದ್ದು, ಆ ಹಳೆಯ ಹೆಣ್ಣುದನಿಯನ್ನು ಎತ್ತಿ ನಾನೇ ವಾಣಿಯಾದೆ. "ಮಗಳೇ..." ಎಂದು ಎಳೆದೆ. "ದೀಪ" ಎಂಬಲ್ಲಿ ಉಸಿರು ಹಿಡಿ, ಅಲ್ಲಿ ಕಣ್ಣು ತುಂಬಲಿ, ಆದರೆ ಉದುರಬಾರದು, "ಆರದಿರಲಿ" ಎಂಬಲ್ಲಿ ಒಂದೇ ಹನಿ ಎಂದು ಹೇಳಿಕೊಟ್ಟೆ. ದಿನವೂ ಕಾಫಿಯಾದಮೇಲೆ ಅಭ್ಯಾಸ. ಹುಡುಗಿಗೆ ನಮ್ಮ ಮನೆತನದ ಕಲೆ ಬಂದಿದೆ ಮನು! ಒಂದು ವಾರದಲ್ಲಿ ಹೇಳಿದ ಜಾಗದಲ್ಲಿ ಹೇಳಿದಷ್ಟೇ ಹನಿ ಬಂತು. ಮೊದಲ ಸಲ ಕೇಳಿದಾಗ ಶೈಲಜಮ್ಮ ಅತ್ತುಬಿಟ್ಟರು. ಎರಡನೆಯ ಸಲ ಅಳಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ, "ಪುಟ್ಟಯ್ಯನವರೇ, ಮಗು ಎರಡು ಸಲಾನೂ ಅದೇ ಜಾಗದಲ್ಲಿ ಅಳ್ತಲ್ಲ" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಎದೆಯುಬ್ಬಿಸಿ ಕೂತೆ.

ಮೊನ್ನೆ ಶುಕ್ರವಾರ ವರಮಹಾಲಕ್ಷ್ಮಿ. ವಾಣಿ ಹೋದಮೇಲೆ ಕಳಶಕ್ಕೆ ಸೀರೆ ಉಡಿಸುವುದು ಯಶುವಿನ ಕೆಲಸ. ಈ ಸಲ ನೆರಿಗೆ ಕೂರಲಿಲ್ಲ. "ಅವ್ಳು ಹೆಂಗೆ ಉಡ್ಸಿದ್ಲು ನೋಡು" ಎಂದು ನಿಮ್ಮಮ್ಮ ತನ್ನ ಫೋನಿನಲ್ಲಿದ್ದ ಹಳೆಯ ಹಬ್ಬದ ವಿಡಿಯೋ ಹಾಕಿದಳು. ನಿನಗೆ ಗೊತ್ತಲ್ಲ, ನಮ್ಮ ಯಾವ ವಿಡಿಯೋದಲ್ಲೂ ವಾಣಿ ಇಲ್ಲ. ತೆಗೆದವಳು ಅವಳೇ. ದೇವಿ ಕಂಡಳು, ನಿಮ್ಮಮ್ಮ ಕಂಡಳು, ಬಾಗಿಲಿಗೆ ಒರಗಿ ಪೋಸು ಕೊಡುತ್ತಿದ್ದ ನಾನು ಕಂಡೆ. ಹಿಂದಿನಿಂದ ಒಂದು ದನಿ, ಸ್ವಲ್ಪ ಒಡೆದದ್ದು, ಅವಸರದ್ದು: "ಮಾವ, ಸ್ವಲ್ಪ ಸರೀರಿ, ದೇವೀದು ತಲೆ ಕಟ್ಟಾಗ್ತಿದೆ. ಪರದೆ ಎಳ್ದಿಲ್ಲ ಇನ್ನೂ, ಆಗ್ಲೇ ಬಂದ್ಬಿಟ್ರು."

ನೆರಿಗೆ ಹಿಡಿದಿದ್ದ ಯಶು ತಲೆಯೆತ್ತಿ ಕೇಳಿದಳು: "ಯಾರಜ್ಜಿ ಅದು ಮಾತಾಡ್ತಿರೋದು?"

ನಿಮ್ಮಮ್ಮನ ಕೈ ಅಲ್ಲೇ ನಿಂತಿತು. ಒಂದು ಕ್ಷಣದಲ್ಲಿ ಯಶುವಿಗೇ ಗೊತ್ತಾಯಿತು. ಸೀರೆಯನ್ನು ಹಾಗೇ ಬಿಟ್ಟು, ಫೋನು ಕಿತ್ತುಕೊಂಡು, ಅಷ್ಟೊಂದು ಚಿಕ್ಕ ಮಾತನ್ನು ಮತ್ತೆ ಮತ್ತೆ ಕೇಳಿದಳು. ಆಮೇಲೆ ನನ್ನ ಹತ್ತಿರ ಬಂದು, ಬೈಯದೆ, ಅಳದೆ ಹೇಳಿದಳು: "ತಾತ, ಅಮ್ಮನ್ನ ನೆನೆಸ್ಕೊಂಡ್ರೆ ನೀನು ಬರ್ತೀಯ. ದಿವಾನ್ ಮೇಲೆ ಮಲಗಿರ್ತೀಯ. ಅಮ್ಮ ಬರಲ್ಲ."

ಅವತ್ತಿನಿಂದ ಅವಳು ಅಭ್ಯಾಸಕ್ಕೆ ಕೂತಿಲ್ಲ. ಪುಣೆಗೆ ಹೋಗುವುದಿಲ್ಲ ಅನ್ನುತ್ತಿದ್ದಾಳೆ. ಆ ಪ್ರಶ್ನೆ ಕೇಳಿದರೆ ಬಾಯಿಗೆ ಬರುವುದು ನನ್ನ ಮಾತಂತೆ, ಅದನ್ನು ಹೇಳಲು ಅವಳಿಗೆ ಇಷ್ಟವಿಲ್ಲ. ತನ್ನ ಮಾತನ್ನು ಹೇಳೋಣವೆಂದರೆ ಅದು ಎಲ್ಲಿ ಹೋಯಿತೋ ಸಿಗುತ್ತಿಲ್ಲ. "ಅಳೋಣ ಅಂದ್ರೂ ನೀನು ಹೇಳಿದ್ ಜಾಗದಲ್ಲೇ ಬರುತ್ತೆ ತಾತ" ಎಂದಳು. ಮನು, ಎಷ್ಟೋ ಸಭೆಗಳನ್ನು ಅಳಿಸಿದ್ದೇನೆ, ಅದರ ಸುಖವನ್ನೂ ಉಂಡಿದ್ದೇನೆ. ಹದಿನೆಂಟರ ಹುಡುಗಿಯ ಒಳಗಿಂದ ಅವಳ ತಾಯಿಯನ್ನು ಎಬ್ಬಿಸಿ ಆ ಜಾಗದಲ್ಲಿ ನಾನು ಕೂತುಬಿಟ್ಟಿದ್ದೇನೆ. ಇಳಿಯುವುದು ಹೇಗೆಂದು ತಿಳಿಯುತ್ತಿಲ್ಲ.

ನಿನ್ನ ದುಃಖವನ್ನು ಎತ್ತಿಕೊಂಡು ನೀನು ಬೀದರಿಗೆ ವರ್ಗ ಮಾಡಿಸಿಕೊಂಡು ಹೋದೆ. ತಪ್ಪು ಅನ್ನುವುದಿಲ್ಲ. ಆದರೆ ವಾಣಿಯ ಕೊನೆಯ ಗಳಿಗೆಯನ್ನೂ ಜೊತೆಗೇ ಒಯ್ದೆಯಲ್ಲ, ಅದರಲ್ಲಿ ಮಗಳ ಪಾಲೂ ಇತ್ತು. ನಾವು ಕೇಳಲಿಲ್ಲ, ನೀನು ಹೇಳಲಿಲ್ಲ. ಖಾಲಿ ಬಿಟ್ಟ ಆ ಜಾಗಕ್ಕೆ ನಾನು ನುಗ್ಗಿದೆ.

ನಿಮ್ಮಮ್ಮ ಚಕ್ಕುಲಿ ಕಟ್ಟಿಕೊಟ್ಟಿದ್ದಾಳೆ, ಚಲುವರಾಜುವಿಗೂ ಒಂದೆರಡು ಕೊಡು. ದೇವರು ನಿನಗೆ ಆಯುಸ್ಸು, ಆರೋಗ್ಯ, ಕಣ್ತುಂಬ ನಿದ್ದೆ ಕೊಡಲಿ. ಶೈಲಜಮ್ಮ ನಿನ್ನನ್ನು ಕೇಳಿದೆ ಎಂದು ಹೇಳಲು ಹೇಳಿದ್ದಾರೆ.

ಇಂತು ಆಶೀರ್ವದಿಸುವ,
ನಿನ್ನಪ್ಪ ಪುಟ್ಟಯ್ಯ

ಮರೆತ ಮಾತು: ಚಲುವರಾಜು ಆಟೋ ನಿಲ್ಲಿಸಿಕೊಂಡು "ಬಸ್ಸು ಹೋಗ್ಬಿಡುತ್ತೆ ಸಾರ್" ಎಂದು ಬಾಗಿಲಲ್ಲಿ ಕುಣಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಮಧ್ಯಾಹ್ನ ಯಶು, "ಆ ದೀಪದ ಮಾತು ಅಮ್ಮ ನಿಜವಾಗ್ಲೂ ಅಂದ್ರಾ ತಾತ?" ಎಂದು ಕೇಳಿದಳು. ಹೆದರಿ, "ಹೂಂ, ನಿಮ್ಮಪ್ಪನೇ ನನಗೆ ಹೇಳಿದ್ದು" ಅಂದುಬಿಟ್ಟೆ. ಅವಳು ನಂಬಿದ್ದಾಳೆ. ನಾಳೆ ಬೆಳಗ್ಗೆ ಅವಳು ಎದ್ದು ಅಡುಗೆಮನೆಗೆ ಬಂದಾಗ, ನೆಲದ ಮೇಲೆ ಅವಳ ಪಕ್ಕ ಕೂತು, ಮೆಲ್ಲಗೆ, ಆ ಮಾತು ನನ್ನದು, ನಿಮ್ಮಪ್ಪ ನನಗೇನೂ ಹೇಳಿಲ್ಲ ಎಂದು ಹೇಳುತ್ತೇನೆ. ಆಮೇಲೆ ನಿನ್ನ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಡುತ್ತೇನೆ. ವಾಣಿ ಏನು ಅಂದಳೋ ಅದನ್ನೇ ಅವಳಿಗೆ ಹೇಳು. ನೀರು ಕೇಳಿದ್ದರೆ ನೀರು ಕೇಳಿದಳು ಅನ್ನು. ಏನೂ ಅನ್ನದೆ ಹೋಗಿದ್ದರೆ ಏನೂ ಅನ್ನಲಿಲ್ಲ ಅನ್ನು. ನಾನು ಕೇಳಿಸಿಕೊಳ್ಳುವುದಿಲ್ಲ, ನಿಮ್ಮಮ್ಮನನ್ನೂ ಕರೆದುಕೊಂಡು, ಬಾಗಿಲು ಮುಂದೆ ಎಳೆದು, ನೀವಿಬ್ಬರೂ ಮಾತು ಮುಗಿಸುವವರೆಗೆ ಬೀದಿಯಲ್ಲಿ ನಿಂತಿರುತ್ತೇನೆ.